ಹಿಂದಿನ ದಿನದ ತೂಕ

ದಾಂಡೇಲಿ
೨೮ ನವೆಂಬರ್ ೨೦೦೪, ರವಿವಾರ

ಅಣ್ಣಾ,

ತಂಗಿ ಅನ್ನಪೂರ್ಣಾನ ನಮಸ್ಕಾರ. ನಿನ್ನ ಮೊಣಕಾಲು ಹೆಂಗೈತಿ? ಸಾಂಗ್ಲಿ ಕಡೆ ಈ ಸಲ ಥಂಡಿ ಭಾಳ ಐತಂತ ಗೋದುಬಾಯಿ ವೈನಿ ಫೋನಿನಾಗ ಅಂದಿದ್ಲು. ಎಣ್ಣಿ ಬಿಸಿ ಮಾಡಿ ತಿಕ್ಕಿಸ್ಕೊ. ಗರಡಿ ಹುಡುಗರಿಗೆ ತೋರಿಸಾಕ ಹೋಗಿ ಈ ವಯಸ್ಸಿನಾಗ ನೀನ ಬೈಠಕ್ ಹೊಡೀಬ್ಯಾಡ. ವೈನಿಗೆ ಬಿಪಿ ಗುಳಿಗಿ ತಪ್ಪಿಸಬ್ಯಾಡ ಅಂತ ಹೇಳು. ಇಲ್ಲಿ ಇವರಿಗೆ ಮಿಲ್ಲಿನಾಗ ಈ ವಾರ ರಾತ್ರಿ ಪಾಳಿ, ಬಂದು ಉಂಡು ಮಲಗ್ಯಾರ. ತುಳಜಾ ಈಗ ಹತ್ತನೇ ಇಯತ್ತೆ, ಗಣಿತ ಒಂದು ಬಿಟ್ಟರ ಎಲ್ಲಾದರಾಗೂ ಶಾಣ್ಯಾಕಿ. ಸುದೀಪನ ಸುದ್ದಿ ಮುಂದ ಬರೀತೇನಿ. ನೀ ಅಂತೂ ಕೇಳಂಗಿಲ್ಲ, ನಾನ ಹೇಳಬೇಕು.

ದೀಪಾವಳಿ ಭಾವುಬೀಜಕ್ಕ ನೀ ಈ ವರ್ಷನೂ ಬರಲಿಲ್ಲ. ತಾಟಿನಾಗ ಕುಂಕುಮ, ಅಡಕಿ, ದೀಪಾ ಇಟ್ಟು ಬಾಗಲಾ ನೋಡ್ಕೋತ ಕುಂತಿದ್ದೆ. ಅಣ್ಣತಮ್ಮಂದಿರು ಇಲ್ಲದ ಹೆಣ್ಮಕ್ಕಳು ಅವತ್ತು ಚಂದ್ರಗ ಆರತಿ ಬೆಳಗತಾರ. ತುಳಜಾ, "ಅವ್ವಾ, ಚಂದ್ರಗರ ಬೆಳಗು" ಅಂದ್ಲು. ನಾ ಬೆಳಗಲಿಲ್ಲ. ನನಗ ಅಣ್ಣ ಅದಾನಲ್ಲ. ಇದ್ದೂ ಬರದಿದ್ದಾಗ ಯಾರಿಗೆ ಬೆಳಗಬೇಕಂತ ನಮ್ಮವ್ವ ನನಗ ಕಲಿಸಿರಲಿಲ್ಲ.

ಎರಡು ವರ್ಷದ ಹಿಂದ ಹುಬ್ಬಳ್ಳಿ ದವಾಖಾನಿ ಬಾಗಲದಾಗ ನಿಂತು "ಹಣೆಬರಹ, ಅನ್ನಪೂರ್ಣಾ" ಅಂದು ಹೋದಾಂವ ನೀ, ಹಳಿಯಾಳದ ಗರಡಿ ಬಿಟ್ಟು ಸಾಂಗ್ಲಿ ಸೇರಿದಿ, ಮತ್ತ ಮಾರಿ ತೋರಿಸಿಲ್ಲ. ಹಣೆಬರಹ ಅಂದ್ರ ಯಾರು ಬರದದ್ದು ಅಂತ ನನಗ ಆಮ್ಯಾಲ ಸಾವಕಾಶ ತಿಳೀತು. ಸುದೀಪನ್ನ ಐದನೇ ಇಯತ್ತೆಗೆ ಹಳಿಯಾಳಕ್ಕ ನಿನ್ನ ಮನಿಗೆ ಕಳಿಸಿದಾಗ, "ನಿನ್ನ ಮಗ ಅಲ್ಲ, ನನ್ನ ಮಗ" ಅಂದಿದ್ದಿ. ಖರೇನ ಹಂಗ ಸಾಕಿದಿ. ಹಾಲು, ಬದಾಮಿ, ತುಪ್ಪಾ ಯಾವುದಕ್ಕೂ ಕಮ್ಮಿ ಮಾಡಲಿಲ್ಲ. ಊರಾಗ ನೀ ಹೋದಲ್ಲೆಲ್ಲಾ "ಜ್ಯೋತಿಬಾ ವಸ್ತಾದನ ಅಳಿಯ" ಅಂತ ಅವನ್ನ ತೋರಿಸೋರು, ನನ್ನ ಎದಿ ಉಬ್ಬತಿತ್ತು. ಆದರ ಹುಡುಗ ಬೆಳೀಬೇಕಲ್ಲೋ ಅಣ್ಣಾ. ಅವಂದು ಅರವತ್ತು ಕಿಲೋ ಮೀರಿದ ಮೈ. "ಅರವತ್ತು ಕಿಲೋ ಗುಂಪಿನಾಗ ಧಾರವಾಡ ಕಡೆ ಹುಡುಗ ಗಟ್ಟಿ ಅದಾನ, ಐವತ್ತೈದರಾಗ ನಮ್ಮ ಮುಂದ ನಿಲ್ಲಾವರಿಲ್ಲ" ಅಂದಿ. ಅವತ್ತಿನಿಂದ ಪ್ರತಿ ವರ್ಷ ಕುಸ್ತಿ ಬಂದ್ವಂದ್ರ ಅವನ್ನ ಹಪ್ಪಳದಂಗ ಒಣಗಿಸೋದು ಚಾಲೂ ಮಾಡಿದಿ. ಮನಿಗೆ ಬಂದ್ರ ನನ್ನ ಕೈಯಾಗಿನ ರೊಟ್ಟಿ ಮುಟ್ಟತಿರಲಿಲ್ಲ. ಒಂದು ಡಬ್ಬಿ ಹಿಡಕೊಂಡು ಉಗುಳಿಕೋತ ಕುಂಡ್ರತಿದ್ದ. "ಉಗುಳಿಗೂ ತೂಕ ಇರತೈತವ್ವಾ, ಮಾಮಾ ಹೇಳ್ಯಾನ" ಅಂತಿದ್ದ.

ಕಡೀ ವರ್ಷದ್ದು ನಿನಗ ಗೊತ್ತಿದ್ದದ್ದನ್ನ ನಾ ಹೇಳಾಕತ್ತೇನಿ, ಯಾಕಂದ್ರ ನನಗ ಗೊತ್ತಾಗೈತಿ ಅನ್ನೋದು ನಿನಗ ಗೊತ್ತಿಲ್ಲ. ಗಾಣದ ಉಳವಪ್ಪ ನಮ್ಮನಿತನಕ ಬಂದು ಹೇಳಿ ಹೋದ. ರಾಜ್ಯದ ಆಯ್ಕೆ ಕುಸ್ತಿ ಹತ್ತರ ಬಂದಾಗ ಹುಡುಗನ ತೂಕ ಇನ್ನೂ ಇಳಿದಿರಲಿಲ್ಲ. ನೀ ಅವನ್ನ ಕಬ್ಬಿನ ಹೊಲದಾಗಿನ ಗಾಣಕ್ಕ ಕರಕೊಂಡು ಹೋದಿ. ಮೈಮ್ಯಾಲ ಪ್ಲಾಸ್ಟಿಕ್ ರೇನ್‌ಕೋಟ್, ಅದರ ಮ್ಯಾಲ ಸ್ವೆಟರ್, ಮುಂದ ಬೆಲ್ಲದ ಕೊಪ್ಪರಿಗಿ ಕುದಿಯೋ ಒಲಿ. ಉಳವಪ್ಪ ತಡಕೊಳ್ಳಲಾರದ ಒಂದು ಲೋಟ ಕಬ್ಬಿನ ಹಾಲು ತಂದು ಹುಡುಗನ ಕಡೆ ಹಿಡಿದ್ನಂತ. ನೀ ನಡುವ ಕೈ ಹಾಕಿ ಇಸಕೊಂಡು ಅವನ ಮುಂದನ ಕುಡಿದಿ. "ಅಕ್ಕಾ, ಆ ಹುಡುಗನ ತುಟಿ ಹಳೇ ಕೆರದ ತೊಗಲಿನ ಹಂಗ ಒಡದಿದ್ವು. ನಾ ಎಷ್ಟೋ ವರ್ಷ ಬೆಲ್ಲಾ ಕುದಿಸೇನಿ, ಮನಶ್ಯಾನ್ನ ಕುದಿಸಿದ್ದು ಅವತ್ತ ನೋಡಿದೆ" ಅಂತ ಉಳವಪ್ಪ ಅತ್ತ.

ಸಂಜಿಮುಂದ ತೂಕಕ್ಕ ನಿಲ್ಲಿಸಿದಾಗ ಕಾಟಾದ ಮುಳ್ಳು ಐವತ್ತೈದಕ್ಕ ನಿಂತಿತು, ನೀ ಅವನ್ನ ಎತ್ತಿ ಕುಣಿದಿ. ಹಿಂದಿನ ದಿನ ತೂಕ, ಮರುದಿನ ಕುಸ್ತಿ. ನಿಮ್ಮ ಆಟದ ಹೊಲಸೆಲ್ಲಾ ಆ ನಡುವಿನ ಹೊತ್ತಿನಾಗ ಐತಿ. ತೂಗಾಕ ಒಂದು ಮೈ, ಆಡಾಕ ಇನ್ನೊಂದು ಮೈ. ತೂಕ ಮುಗಿದ ಕೂಡಲೇ ನೀರು, ಗ್ಲೂಕೋಸ್, ಬಾಳೆಹಣ್ಣು ತುರುಕಿ ಬೆಳತನಕ ಮತ್ತ ತುಂಬಸೋದು. ಮನಶ್ಯಾ ಅಂದ್ರ ಗೋಧಿ ಚೀಲಾ ಅಲ್ಲೋ ಅಣ್ಣಾ, ಸುರುವಿ ಮತ್ತ ತುಂಬಾಕ. ಎಲ್ಲಾರೂ ಹಂಗ ಮಾಡತಾರ ಅಂತಿ. ಹೌದು. ಎದುರಿಗೆ ಇದ್ದ ಹುಡುಗನೂ ಯಾವನೋ ವಸ್ತಾದ ಒಣಗಿಸಿ ತಂದಾಂವನ. ಹಂಗಾದ್ರ ಯಾರಿಗೆ ಏನು ಲಾಭಾ ಆತು?

ಸುದೀಪ ಗೆದ್ದ. ಕಡೀ ಕುಸ್ತಿನೂ ಗೆದ್ದ. ಪಂಚರು ಕೈ ಎತ್ತಿ ಹಿಡಿದಾಗ ಆ ಕೈಯಾಗಿಂದನ ಜಾರಿ ಬಿದ್ದ. ನಾವು ಹುಬ್ಬಳ್ಳಿ ಮುಟ್ಟೂದರಾಗ ಅವಗ ಎಚ್ಚರ ಇರಲಿಲ್ಲ, ಹೋದ ಚೂರು ಉಚ್ಚಿ ಚಾದ ಬಣ್ಣ ಇತ್ತಂತ. ಡಾಕ್ಟರ್ ನಮ್ಮನ್ನೆಲ್ಲಾ ನಿಲ್ಲಿಸಿ, "ಇದು ಒಂದ ದಿನದ್ದಲ್ಲ. ಎಷ್ಟು ವರ್ಷ ಹಿಂಗ ಒಣಗಿಸೀರಿ? ನೀರು ಇಳಿಸೋ ಗುಳಿಗಿ ಯಾರು ಕೊಟ್ರು?" ಅಂತ ಕೇಳಿದ್ರು. ಯಾವ ಗುಳಿಗಿ ಅಂತ ನಾ ನಿನ್ನ ಮಾರಿ ನೋಡಿದೆ. ನೀ ನೆಲಾ ನೋಡಿದಿ.

ಈಗ ಅವನ ಎರಡೂ ಮೂತ್ರಪಿಂಡ ಕೆಲಸಾ ಬಿಟ್ಟಾವು. ವಾರದಾಗ ಎರಡು ಸಲ ಹುಬ್ಬಳ್ಳಿಗೆ ಹೋಗಿ ಮಷೀನಿಗೆ ರಕ್ತಾ ತೊಳಿಸ್ಕೊಂಡು ಬರತಾನ. ಒಮ್ಮೆ ಇವರು, ಒಮ್ಮೆ ನಾನು ಜೋಡಿ ಹೋಗತೇವಿ. ಬಸ್ಸು ಹಳಿಯಾಳದ ಮ್ಯಾಲ ಹಾಯತೈತಿ. ಗರಡಿಮನಿ ಕಡೆ ಬಂದಾಗ ಅವ ನಿದ್ದಿ ಬಂದವರಂಗ ಕಣ್ಣು ಮುಚ್ಚತಾನ. ಒಂದು ದಿವಸ ಯಾರೋ ಸಣ್ಣ ಹುಡುಗ ಬಸ್ಸಿನಾಗ ಗುರ್ತಾ ಹಿಡಿದು, "ಸುದೀಪ ಪೈಲವಾನರೇನ್ರೀ?" ಅಂದ. "ಅಲ್ಲಪಾ, ಅವ ಬ್ಯಾರೆ" ಅಂದ ನಿನ್ನ ಅಳಿಯ. ಅವತ್ತು ನಾ ಕಿಡಕಿ ಕಡೆ ಮಾರಿ ಮಾಡಿ ಸೆರಗು ಬಾಯಾಗ ಇಟಗೊಂಡು ಕುಂತೆ.

ಈಗ ನಾ ಯಾಕ ಬರೀತೇನಿ ಅಂದ್ರ, ಹೋದ ರವಿವಾರ ಹಳಿಯಾಳದಾಗ ಕುಸ್ತಿ ಕಮಿಟಿ ಸಭಾ ಇತ್ತು. ಕಮಿಟಿ ಅಧ್ಯಕ್ಷರು ಶಿವಲಿಂಗಪ್ಪ ಮಾಸ್ತರು ನಮಗ ಹೇಳಿ ಕಳಿಸಿದ್ರು. ಅವರು ಎರಡು ಹೊಸಾ ನಿಯಮಾ ಇಟ್ಟಿದ್ರು: ಕುಸ್ತಿ ದಿನ ಮುಂಜಾನೆ ಅಖಾಡದ ಬಾಜೂಕನ ತೂಗಬೇಕು, ದಸರಾಕ್ಕ ಹುಡುಗನ ಮೈ ಎಷ್ಟು ಇರತೈತೋ ವರ್ಷಪೂರ್ತಿ ಅದ ತೂಕದಾಗ ಆಡಬೇಕು, ಕೆಳಗ ಇಳಿಯಂಗಿಲ್ಲ. ಮುದಕಪ್ಪ ವಸ್ತಾದ ಎದ್ದು ನಿಂತು, "ಹೊರಗಿನವರು ಇಳಿಸಿಕೊಂಡು ಬರತಾರ, ನಮ್ಮ ಹುಡುಗರು ಸೋಲತಾರ. ಜ್ಯೋತಿಬಾ ಸಾಂಗ್ಲಿಯಿಂದ ಫೋನ್ ಮಾಡ್ಯಾನ, ತೂಕ ಇಳಿಸಾಕ ಬರದಾಂವ ಪೈಲವಾನನ ಅಲ್ಲ ಅಂದಾನ" ಅಂದ. ಮಂದಿ ಚಪ್ಪಾಳಿ ಬಡಿದ್ರು. ನಿನ್ನ ಮಾತಿಗೆ, ಅಣ್ಣಾ. ನಿನ್ನ ಅಳಿಯನ ಅಪ್ಪ ಅಲ್ಲೇ ಕುಂತಾಗ.

ಅಷ್ಟು ಗಂಡಸರ ನಡುವ ನಾನೊಬ್ಬಾಕಿ ಹೆಣ್ಣು. ಎದ್ದೆ. "ನನ್ನ ಮಗ ಇಳಿಸಿದ, ಗೆದ್ದ. ಅವನ ಫೋಟೋ ನಿಮ್ಮ ಗರಡಿ ಗ್ವಾಡಿಗೆ ಐತಿ. ಫೋಟೋದಾಗಿನ ಹುಡುಗ ಈಗ ಎಲ್ಲದಾನ ಅಂತ ನಿಮ್ಮೊಳಗ ಯಾರರ ನೋಡಾಕ ಬಂದೀರೇನು?" ಅಂದೆ. ಮುದಕಪ್ಪ, "ತಂಗೀ, ದುಃಖಾ ಬ್ಯಾರೆ, ನಿಯಮಾ ಬ್ಯಾರೆ" ಅಂದ. "ನನ್ನ ಮನ್ಯಾಗ ಎರಡೂ ಒಂದ ಹಾಸಿಗಿ ಮ್ಯಾಲ ಮಲಗ್ಯಾವರೀ" ಅಂದೆ, ಕುಂತೆ.

ಕಡೀಕ ಏನಾತು ಕೇಳು. ಸಾಲಿ ಹುಡುಗರಿಗೆ ಅಷ್ಟ ಹೊಸಾ ನಿಯಮಾ. ದೊಡ್ಡವರಿಗೆ ಹಳೇದ, ಹಿಂದಿನ ದಿನ ಸಂಜಿ ತೂಕಾ. ಹದಿನೆಂಟು ತುಂಬಿದ ಕೂಡಲೇ ಮೂತ್ರಪಿಂಡ ಕಬ್ಬಿಣದ್ದು ಆಗತಾವೇನೋ. ಮಾಸ್ತರು ನನ್ನ ಮುಂದ ತಲಿ ತಗ್ಗಿಸಿ, "ಇಷ್ಟರ ಆತಲ್ಲವ್ವಾ" ಅಂದ್ರು. ತಿರುಗಿ ಬರುವಾಗ ಬಸ್ಸಿನಿಂದ ನೋಡಿದೆ, ಕೆರಿ ದಂಡಿ ಮ್ಯಾಲ ಗಡ್ಡಾ ಮೀಸಿ ಬಂದ ಹುಡುಗರು ಉರಿ ಬಿಸಲಾಗ ಸ್ವೆಟರ್ ಹಾಕ್ಕೊಂಡು ಓಡಾಕತ್ತಿದ್ರು.

ಮನಿಗೆ ಬಂದು ಹೇಳಿದ್ರ ಸುದೀಪ ನನ್ನ ಮ್ಯಾಲನ ಸಿಟ್ಟಾದ. "ಮಾಮಾ ನನಗ ಕೈಕಾಲು ಕಟ್ಟಿದ್ನೇನು? ನಾನ ಒಪ್ಪಿ ಕುಂತಿದ್ದೆ. ಅವನ ಹೆಸರು ಮಂದ್ಯಾಗ ತಗೀಬ್ಯಾಡ" ಅಂದು ಅವತ್ತು ಉಣಲಿಲ್ಲ. ಇಷ್ಟ ಆದ ಮ್ಯಾಲೂ ನಿನ್ನ ಬಿಟ್ಟುಕೊಡವಲ್ಲ. ನನಗ ಎಲ್ಲಾದಕ್ಕಿಂತ ಹೆಚ್ಚು ಹೊಟ್ಟಿ ಉರಿದದ್ದು ಇದಕ್ಕ. ಅಂಥಾ ಹುಡುಗನ್ನ ನೋಡಾಕ ನಿನಗ ಎರಡು ವರ್ಷದಾಗ ಒಂದು ದಿನಾ ಸಿಗಲಿಲ್ಲ.

ಸಾಕು. ವೈನಿಗೆ ನನ್ನ ನಮಸ್ಕಾರ, ಆಕೀದೇನೂ ತಪ್ಪಿಲ್ಲ. ನಿನ್ನ ಗರಡಿಯಾಗಿನ ಹುಡುಗರಿಗೆ ಈ ತಾಯಿಯ ಆಶೀರ್ವಾದ. ಅವರ ಅವ್ವಂದಿರು ಮಾಡಿಕೊಟ್ಟದ್ದನ್ನ ಅವರಿಗೆ ಉಣಗೊಡು.

ಇಂತಿ ನಿನ್ನ ತಂಗಿ
ಅನ್ನಪೂರ್ಣಾ

ತಾ.ಕ.: ಇವರು ಎದ್ದು ಚಾ ಕೇಳಾಕತ್ಯಾರ, ಲಗೂನ ಬರೀತೇನಿ. ಇದನ್ನ ಬರಿಯಾಕ ಧೈರ್ಯ ಬರಲಿ ಅಂತ ಮ್ಯಾಲಿಂದೆಲ್ಲಾ ಬರದೆ. ಮಷೀನ್ ಮ್ಯಾಲ ಭಾಳ ದಿನಾ ನಡಿಯಂಗಿಲ್ಲ, ಮೂತ್ರಪಿಂಡ ಬದಲಿ ಹಾಕಬೇಕಂತ ಡಾಕ್ಟರ್ ಹೇಳ್ಯಾರ. ನನಗ ಸಕ್ಕರಿ ಕಾಯಿಲೆ, ನಂದು ಬ್ಯಾಡಂದ್ರು. ಇವರ ರಕ್ತಾ ಹೊಂದಲಿಲ್ಲ. ತುಳಜಾ ಇನ್ನೂ ಸಣ್ಣಾಕಿ. ನಿಂದೂ ಅವಂದೂ ರಕ್ತದ ಗುಂಪು ಒಂದ ಐತಿ. ಸೋದರಮಾವ ಕೊಡಬೇಕಂದ್ರ ಸರಕಾರದ ಪರವಾನಗಿ ಬೇಕಾಗತೈತಂತ, ಅದಕ್ಕ ಓಡಾಡೋದು ನಮಗಿರಲಿ. ನೀ ಮೊದಲ ಬಂದು ತಪಾಸಣಿ ಮಾಡಿಸಬೇಕು. ಇವರಿಗೂ ಸುದೀಪಗೂ ನಾ ಬರದದ್ದು ಗೊತ್ತಿಲ್ಲ. ನಿನ್ನ ಕ್ಷಮಿಸೇನಿ ಅಂತ ತಿಳೀಬ್ಯಾಡ, ಕ್ಷಮಿಸಿಲ್ಲ. ಆದ್ರೂ ಬಾ.