ಶೀರ್ಷಾಸನದ ಗೋಡೆಗೆ ಅಂಟಿಸಿದ್ದು

ಮೊದಲು ಕಾಲು ಕೆಳಗಿಳಿಸಿ ಮಾರಾಯ್ರೆ, ನಿಧಾನವಾಗಿ. ಎದ್ದು ಕೂತು, ಚೀಟಿ ಕಿತ್ತುಕೊಂಡು ಉಳಿದದ್ದನ್ನು ಓದಿ.

ಫ್ರಿಜ್ಜಿನ ಮೇಲೆ ಅಂಟಿಸಿದ ಚೀಟಿಯನ್ನು ನೀವು ಯಾವತ್ತೂ ಓದುವುದಿಲ್ಲ. ಅದಕ್ಕೇ ಈ ಸಲ ಗೋಡೆಯ ಬುಡದಲ್ಲಿ, ತಲೆಕೆಳಗಾಗಿ ಅಂಟಿಸಿದ್ದೇನೆ. ಶೀರ್ಷಾಸನ ಹಾಕಿದವರಿಗೆ ಮಾತ್ರ ನೇರವಾಗಿ ಕಾಣುತ್ತದೆ.

ತಲೆ ಕೆಳಗೆ ಮಾಡಿದರೆ ಕಣ್ಣಿಗೆ ರಕ್ತ ಚೆನ್ನಾಗಿ ಹರಿಯುತ್ತದೆ ಎಂದು ನಿಮ್ಮ ವಾದ. ಡಾಕ್ಟರಮ್ಮ ಹೇಳಿದ್ದು ಅದರ ಉಲ್ಟಾ. ನಿಮ್ಮದು ಗ್ಲಾಕೋಮಾ ಇರುವ ಕಣ್ಣು. ಹಾಗೆ ನಿಂತಾಗ ಕಣ್ಣಿನೊಳಗಿನ ಒತ್ತಡ ಏರಿ, ರೆಟಿನಾಕ್ಕೆ ರಕ್ತ ನುಗ್ಗುವುದೇ ಕಷ್ಟವಾಗುತ್ತದೆ. ಗಿಂಡಿ ಸ್ಟೇಷನ್ನಿನಲ್ಲಿ ಬೆಳಗಿನ ಲೋಕಲ್ ಟ್ರೇನು ತುಂಬಿಕೊಂಡು ಬಂದರೆ ನೀವು ಎಷ್ಟು ನೂಕಿದರೂ ಹತ್ತಲಿಕ್ಕೆ ಆಗುತ್ತದಾ? ಹಾಗೆಯೇ ಇದು.

ಡ್ರಾಪ್ಸ್ ಹಾಕಿ, ಕಣ್ಣು ಮುಚ್ಚಿ, ಮೂಗಿನ ಬದಿಯ ಮೂಲೆಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಕೆನ್ನೆಗೆ ಸುರಿದುಕೊಂಡು ಹಾಕಿದೆ ಅನ್ನಬೇಡಿ. ನೀರುದೋಸೆ ಹಿಟ್ಟು ಫ್ರಿಜ್ಜಿನಲ್ಲಿದೆ. ಚಟ್ನಿ ನೀವೇ ಅರೆದುಕೊಳ್ಳಿ. ಹೋಟೆಲು ನಡೆಸುವವರಿಗೆ ಅದನ್ನೂ ನಾನು ಹೇಳಿಕೊಡಬೇಕಾ?

ನಾನೂ ಹರ್ಷಿಣಿಯೂ ತಾಂಬರಂಗೆ, ಅಕ್ಕನ ಮನೆಗೆ ಹೊರಟೆವು. ಇವತ್ತೂ ನೀವು ಶೀರ್ಷಾಸನ ಹಾಕಿಯೇ ಹಾಕುತ್ತೀರಿ ಎಂದು ನಾನು, "ಇಲ್ಲಮ್ಮಾ, ಅಪ್ಪಾ ಪ್ರಾಮಿಸ್ ಪಣ್ಣಿಟ್ಟಾರು" ಎಂದು ತಮಿಳಿನಲ್ಲಿ ನಿಮ್ಮ ಮಗಳು, ಹಾಕುವುದಿಲ್ಲ ಎಂದು ನೀವು ಮಾತು ಕೊಟ್ಟಾಗಿದೆಯಂತೆ. ಬೆಟ್ ಕಟ್ಟಿದ್ದೇವೆ. ಸೋತವರು ಬೆಸೆಂಟ್ ನಗರದ ಬೀಚಿನಲ್ಲಿ ಐಸ್‌ಕ್ರೀಮ್ ಕೊಡಿಸಬೇಕು.

ನೀವು ಇದನ್ನು ಓದುತ್ತಿದ್ದೀರಿ ಎಂದರೆ ಗೆದ್ದವಳು ನಾನು. ಸೋತು ಐಸ್‌ಕ್ರೀಮ್ ಕೊಡಿಸುವ ಆಸೆಯೇ ನನಗಿತ್ತು.

ಸುಗುಣಾ