ಬಸ್ಸು ಮುಗಿಸಿದ ಓಟ

ನಗರದ ಮ್ಯಾರಥಾನ್ ನಡೆಸುವ ಕ್ರೀಡಾ ವಿಭಾಗದ ಮುಖ್ಯಾಧಿಕಾರಿಗಳೇ,

ನಾನು ಓಟ ಮುಗಿಸಿದ್ದೇನೆ. ಮುಗಿಸಿಲ್ಲ ಎಂದು ನಿಮ್ಮ ಕಚೇರಿ ಹೇಳುತ್ತಿದೆ. ನಮ್ಮಿಬ್ಬರಲ್ಲಿ ಆ ದಿನ ರಸ್ತೆಯ ಮೇಲಿದ್ದವಳು ನಾನು ಎಂಬುದನ್ನು ಮೊದಲಿಗೇ ನೆನಪಿಸಿಬಿಡುತ್ತೇನೆ. ನಿಮ್ಮ ಮೇಜಿಗೆ ಮಾತ್ರ ಬರೆದ ಹಿಂದಿನ ಎರಡು ಪತ್ರಗಳು ಅಲ್ಲೇ ಸುಖವಾಗಿ ನಿದ್ದೆ ಹೊಡೆಯುತ್ತಿವೆಯಂತೆ. ಅದಕ್ಕೇ ಈ ಮೂರನೆಯದನ್ನು ಊರೆಲ್ಲ ಓದುವ ಪತ್ರಿಕೆಗೂ ಕಳುಹಿಸುತ್ತಿದ್ದೇನೆ. ಬರವಣಿಗೆ ಅಂಕುಡೊಂಕಾಗಿದ್ದರೆ ಕ್ಷಮಿಸಿ, ಅಂಗಡಿಯಲ್ಲಿ ನಿಂತುಕೊಂಡೇ ಬರೆಯುತ್ತಿದ್ದೇನೆ. ನಿಮ್ಮ ಓಟ ಮುಗಿದಂದಿನಿಂದ ನನಗೆ ಒಂದು ಕಡೆ ಕೂರಲು ಆಗುತ್ತಿಲ್ಲ.

ನಾನು ಹೆಂಗಸರ ಕೂದಲು ಕತ್ತರಿಸುವವಳು. ನಲವತ್ತೇಳು ವಯಸ್ಸು, ಅದಕ್ಕೆ ತಕ್ಕ ಮೈಭಾರ. ಬಸ್ಸು ತಪ್ಪಿದರೂ ಓಡದೆ ಮುಂದಿನದಕ್ಕೆ ಕಾಯುತ್ತಿದ್ದವಳು ಮ್ಯಾರಥಾನ್‌ಗೆ ಹೆಸರು ಕೊಟ್ಟಾಗ ನನ್ನ ಗ್ರಾಹಕರೆಲ್ಲ ಕನ್ನಡಿಯಲ್ಲೇ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆದರೆ ದೇಣಿಗೆ ಕೊಟ್ಟರು. ಕಿವಿಯ ಪಕ್ಕದಲ್ಲಿ ಕತ್ತರಿ ಆಡುತ್ತಿರುವಾಗ ಇಲ್ಲ ಎನ್ನುವ ಧೈರ್ಯ ಯಾರಿಗೆ ತಾನೇ ಬಂದೀತು? ಆ ಹಣವೆಲ್ಲ ನಿಯಮದ ಪ್ರಕಾರ ನೇರವಾಗಿ ನಿಮ್ಮ ವಿಭಾಗಕ್ಕೇ ಸೇರಿತು. ಓಟ ಮುಗಿಸಿದವರ ಹಣ ಅವರು ಆರಿಸಿದ ಸೇವಾಸಂಸ್ಥೆಗೆ, ಮುಗಿಸದವರದ್ದು ಮುಂದಿನ ವರ್ಷದ ಓಟದ ಸಿದ್ಧತೆಗೆ ಎಂಬುದೂ ನಿಮ್ಮದೇ ನಿಯಮ. ಇಂಥ ನಿಯಮ ಬರೆದ ತಲೆಯನ್ನು ಒಮ್ಮೆ ನನ್ನ ಕುರ್ಚಿಯಲ್ಲಿ ಕೂರಿಸಿ ನೋಡುವ ಆಸೆಯಿದೆ.

ನಾನು ಆರಿಸಿದ್ದು ಚಪ್ಪಲಿ ರಿಪೇರಿ ಅಂಗಡಿಯ ಮೇಲಿರುವ ಒಂದು ಕೋಣೆಯನ್ನು. ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡವರು ಅಲ್ಲಿ ಮತ್ತೆ ಮಾತು ಕಲಿಯುತ್ತಾರೆ. ನಾಲ್ಕು ಕುರ್ಚಿ, ಬಾಯಿಯ ಆಕಾರ ನೋಡಿಕೊಳ್ಳಲು ಗೋಡೆಗೊಂದು ಕನ್ನಡಿ, ಒಬ್ಬ ಟೀಚರ್. ನನ್ನ ಅಣ್ಣ ಅಲ್ಲಿಗೆ ಹೋಗುತ್ತಾನೆ. ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವನು ಅವನು. ಅವನು ಒಂದೇ ಉಸಿರಿಗೆ ಇಡೀ ಲಾರಿ ಟೊಮೆಟೊ ಮಾರಿಬಿಡುತ್ತಿದ್ದ, ಕೊಂಡವನಿಗೆ ತಾನು ಕೊಂಡದ್ದು ಆಮೇಲೆ ಗೊತ್ತಾಗುತ್ತಿತ್ತು. ಈಗ ಅವನಿಗೆ ನೀರು ಬೇಕು ಎನ್ನಲು ನೀರು ಕಾದು ಕುದಿಯುವಷ್ಟು ಹೊತ್ತು ಬೇಕು. ಆದರೆ ಹೇಳುತ್ತಾನೆ. ಕಳೆದ ವರ್ಷ ಅದೂ ಇರಲಿಲ್ಲ.

ಆ ಕೋಣೆಗೆ ಒಂದೇ ಕಟ್ಟಳೆ. ಒಬ್ಬರು ಶುರು ಮಾಡಿದ ಮಾತನ್ನು ಇನ್ನೊಬ್ಬರು ಮುಗಿಸಿಕೊಡುವಂತಿಲ್ಲ. ಮೊದಲ ದಿನ ನಾನು ಅಣ್ಣನ ಬಾಯಿಂದ ಮಾತು ಕಿತ್ತುಕೊಂಡಾಗ ಟೀಚರ್ ನನ್ನನ್ನು ಹೊರಗೆ ಕಳಿಸಿದ್ದರು. "ನೀವು ಸಹಾಯ ಮಾಡ್ತಿದ್ದೀರಿ ಅಂದ್ಕೊಂಡಿದ್ದೀರಿ. ಅವರಿಗೆ ಸಿಕ್ಕಿರೋ ನಾಲ್ಕು ಮಾತನ್ನೂ ನೀವೇ ನುಂಗ್ತಿದ್ದೀರಿ," ಎಂದರು. ನನಗೆ ಮೈಯೆಲ್ಲ ಉರಿಯಿತು, ಆದರೆ ಕಲಿತೆ. ಆ ಟೀಚರಿಗೆ ಸಂಬಳ ಕೊಡುವ ಶಕ್ತಿ ಸಂಸ್ಥೆಗೆ ಇರುವುದು ಈ ತಿಂಗಳ ಕೊನೆಯವರೆಗೆ ಮಾತ್ರ. ಆಮೇಲೆ ಕೋಣೆಗೆ ಬೀಗ. ನಾನು ಓಡಿದ್ದು ಇದಕ್ಕೆ, ನಿಮ್ಮ ಬಣ್ಣದ ಬನಿಯನ್ನಿಗಲ್ಲ.

ಇನ್ನು ಆ ದಿನದ ಕಥೆಗೆ ಬರುತ್ತೇನೆ. ಮುಕ್ತಾಯದ ಗೆರೆ ಮಧ್ಯಾಹ್ನ ಹನ್ನೆರಡರವರೆಗೆ ತೆರೆದಿರುತ್ತದೆ ಎಂದು ನೀವು ಅಚ್ಚು ಹಾಕಿಸಿದ್ದಿರಿ. ಕೈಬಿಟ್ಟವರನ್ನು ಹತ್ತಿಸಿಕೊಳ್ಳಲು ಎಲ್ಲರಿಗಿಂತ ಹಿಂದೆ ಒಂದು ಬಸ್ಸು ಬರುತ್ತದೆ ಎಂದೂ ಅದರಲ್ಲೇ ಇತ್ತು. ಎಲ್ಲರಿಗಿಂತ ಹಿಂದೆ ಇದ್ದದ್ದು ನಾನು. ಹಾಗಾಗಿ ನನಗೂ ಆ ಬಸ್ಸಿಗೂ ಒಳ್ಳೆಯ ಪರಿಚಯವಾಯಿತು. ನದಿಯ ಸೇತುವೆ ದಾಟಿದ ಮೇಲೆ ಚಾಲಕ ಪಕ್ಕಕ್ಕೇ ಬಂದು ಕಿಟಕಿಯಿಂದ ತಲೆ ಹಾಕಿದ.

"ಹತ್ತಿ ಅಕ್ಕಾ, ಎಲ್ರೂ ಹತ್ತಿದ್ದಾರೆ."

"ನಾನು ಹತ್ತಲ್ಲ ಕಣಪ್ಪಾ. ಇನ್ನೂ ಟೈಮ್ ಇದೆ."

"ನಿಮಗಿದೆ, ನನಗೆ ಊಟದ ಟೈಮ್ ಆಯ್ತು," ಎಂದವನೇ ನನ್ನನ್ನು ದಾಟಿಕೊಂಡು ಹೊರಟೇ ಹೋದ.

ಅವನ ಮೇಲೆ ನನಗೆ ಸಿಟ್ಟಿಲ್ಲ, ಹಸಿವು ಯಾರನ್ನು ಬಿಟ್ಟಿದೆ? ಸಿಟ್ಟು ಬರುವುದು ಮುಂದಿನದಕ್ಕೆ. ಓಟ ಮುಗಿಯುವ ಮೈದಾನದ ಪಕ್ಕದ ಗೇಟಿಗೆ ಬೀಗ ಹಾಕಿತ್ತಂತೆ. ಬಸ್ಸು ಓಟಗಾರರಿಗಾಗಿ ಗಾಳಿ ತುಂಬಿ ನಿಲ್ಲಿಸಿದ್ದ ಕಮಾನಿನ ಅಡಿಯಲ್ಲೇ ನುಗ್ಗಿ, ಸಮಯ ಬರೆದುಕೊಳ್ಳುವ ರಬ್ಬರ್ ಚಾಪೆಯ ಮೇಲೆ ಹಾದುಹೋಯಿತು. ಒಳಗೆ ಕೂತವರ ಬೂಟಿಗೆ ಕಟ್ಟಿದ್ದ, ಓಟಗಾರರ ಗುರುತು ಹೇಳುವ ಚಿಪ್‌ಗಳನ್ನೆಲ್ಲ ಒಟ್ಟಿಗೇ ಓದಿ ಚಾಪೆ ಕೀಂ ಎಂದಿತು. ಬಸ್ಸಿನಲ್ಲಿ ಕೂತು ಬಂದ ಅಷ್ಟೂ ಜನ ನಿಮ್ಮ ಯಂತ್ರದ ಪ್ರಕಾರ ಓಟ ಮುಗಿಸಿದ್ದಾರೆ! ಬಸ್ಸು ಬಂತೆಂದರೆ ಹಿಂದೆ ಯಾರೂ ಇಲ್ಲವೆಂದೇ ಅರ್ಥ ಮಾಡಿಕೊಂಡ ನಿಮ್ಮವರು ಚಾಪೆ ಸುತ್ತಿ, ಕಮಾನಿನ ಗಾಳಿ ಬಿಟ್ಟರು. ಬೀದಿನಾಯಿಗಳ ಆಶ್ರಮಕ್ಕಾಗಿ ಓಡಿದ್ದ ನಿವೃತ್ತ ಮೇಷ್ಟ್ರೊಬ್ಬರು ಆ ಬಸ್ಸಿನಲ್ಲಿದ್ದರು. ಮರುದಿನ ಅಂಗಡಿಗೆ ಬಂದು ತಮ್ಮ ಪದಕವನ್ನು ನನ್ನ ಬಾಚಣಿಗೆಗಳ ಮಧ್ಯೆ ಇಟ್ಟು, "ನಾನು ಕೊನೇ ಸೀಟಲ್ಲಿ ಬಾಳೆಹಣ್ಣು ತಿಂತಾ ಕೂತಿದ್ದೆ ಕಣಮ್ಮಾ. ಅದಕ್ಕೂ ಪದಕ ಕೊಡ್ತಾರೆ ಅಂತ ಗೊತ್ತಿರ್ಲಿಲ್ಲ," ಎಂದರು. ಅವರ ನಾಯಿಗಳಿಗೆ ಹಣ ಸಿಕ್ಕಿದ್ದು ನನಗೆ ಸಂತೋಷವೇ. ಅದನ್ನು ದಯವಿಟ್ಟು ಕಿತ್ತುಕೊಳ್ಳಬೇಡಿ.

ನಾನು ಮೈದಾನ ತಲುಪಿದಾಗ ಇನ್ನೂ ಹನ್ನೆರಡಾಗಿರಲಿಲ್ಲ. ಗುಡಿಸುವವರೂ ಗುಡಿಸಿ ಹೋಗಿದ್ದರು. ನೆಲದ ಮೇಲಿನ ಬಿಳಿ ಗೆರೆ ಮಾತ್ರ ಉಳಿದಿತ್ತು, ಬಣ್ಣವನ್ನು ಸುತ್ತಿಕೊಂಡು ಹೋಗಲು ಬರುವುದಿಲ್ಲವಲ್ಲ. ಆ ಗೆರೆಯ ಮೇಲೆ ಊರುಗೋಲು ಹಿಡಿದು ನನ್ನ ಅಣ್ಣ ನಿಂತಿದ್ದ. ಅವನ ಕಣ್ಣೆದುರೇ ನಾನು ಅದನ್ನು ದಾಟಿದೆ. ಚಾಪೆ ಸುತ್ತುವಾಗ ಅವನು ತಡೆಯಲು ಹೋಗಿದ್ದನಂತೆ. ಎದುರಿನ ಜ್ಯೂಸ್ ಅಂಗಡಿಯವಳು ಆಮೇಲೆ ಹೇಳಿದಳು. ಅಣ್ಣ "ನನ್ನ... ತಂಗಿ..." ಎನ್ನುವಷ್ಟರಲ್ಲಿ ನಿಮ್ಮ ಸಿಬ್ಬಂದಿಯೊಬ್ಬ "ತಂಗಿ ಕಾಣಿಸ್ತಿಲ್ವಾ ಸಾರ್? ಬಸ್ಸಲ್ಲಿ ಬಂದಿರ್ತಾರೆ, ಅಲ್ಲಿ ಹೋಗಿ ನೋಡಿ," ಎಂದನಂತೆ. ಅಣ್ಣ ಮತ್ತೆ ಮೊದಲಿನಿಂದ ಶುರು ಮಾಡಿದ. ಅವನು ಅಣ್ಣನ ಬೆನ್ನು ತಟ್ಟಿ, ಕೈಗೊಂದು ನೀರಿನ ಬಾಟಲಿ ಕೊಟ್ಟು, ಚಾಪೆ ಹೆಗಲಿಗೇರಿಸಿಕೊಂಡು ಹೊರಟುಹೋದ. ನಿಮ್ಮ ಸಿಬ್ಬಂದಿ ಕೆಟ್ಟವರಲ್ಲ ಸ್ವಾಮೀ, ಅದೇ ನನ್ನನ್ನು ಹೆಚ್ಚು ಸುಡುವುದು. ಇನ್ನೊಂದೈದು ನಿಮಿಷ ಅಣ್ಣನ ಮುಂದೆ ಸುಮ್ಮನೆ ನಿಂತಿದ್ದರೆ ಚಾಪೆ ಅಲ್ಲೇ ಇರುತ್ತಿತ್ತು.

ನನ್ನ ದೂರಿಗೆ ನಿಮ್ಮ ಕಚೇರಿ ಕೊಟ್ಟ ಉತ್ತರವನ್ನೂ ಊರು ಕೇಳಲಿ. ಯಂತ್ರದಲ್ಲಿ ನನ್ನ ಸಮಯವಿಲ್ಲವಾದ್ದರಿಂದ ನಾನು ಗೆರೆ ದಾಟಿದ್ದನ್ನು ಕಣ್ಣಾರೆ ಕಂಡ ಸಾಕ್ಷಿಯನ್ನು ಗುರುವಾರದ ವಿಚಾರಣೆಗೆ ಕರೆತರಬೇಕಂತೆ. ಸಾಕ್ಷಿ ತಾನೇ ಬಾಯಿಬಿಟ್ಟು ಹೇಳಬೇಕು, ತಲಾ ಎರಡು ನಿಮಿಷ. ಜ್ಯೂಸ್ ಅಂಗಡಿಯವಳು ನಾನು ಗೆರೆ ದಾಟುವ ಹೊತ್ತಿಗೆ ಬಾಗಿಲು ಎಳೆದುಕೊಂಡು ಹೋಗಿದ್ದಳು. ಕಂಡವನು ನನ್ನ ಅಣ್ಣ ಒಬ್ಬನೇ. ಇದನ್ನು ಫೋನಿನಲ್ಲಿ ವಿವರಿಸಿದರೆ ನಿಮ್ಮ ಗುಮಾಸ್ತರು "ಹಾಗಾದ್ರೆ ಅವರ ಪರವಾಗಿ ನೀವೇ ಹೇಳ್ಬಿಡಿ ಮೇಡಂ," ಎಂದರು. ನನ್ನ ದೂರಿಗೆ ನಾನೇ ಸಾಕ್ಷಿಯಾಗಬಹುದೇ ಎಂದೆ. "ಅದು ಆಗಲ್ಲ," ಎಂದರು. ಸುತ್ತಿ ಬಳಸಿ ನನ್ನನ್ನು ಮತ್ತೆ ರಸ್ತೆಗೇ ತಂದು ನಿಲ್ಲಿಸುವ ಈ ಕಲೆಯನ್ನು ನಿಮಗೆ ಕಲಿಸಿದವರು ಯಾರು?

ಆದರೂ ಬರುತ್ತೇವೆ. ಅಣ್ಣ ಮೂರು ವಾರದಿಂದ ಕನ್ನಡಿಯ ಮುಂದೆ ಕೂತು ಅಭ್ಯಾಸ ಮಾಡುತ್ತಿದ್ದಾನೆ. ಬೆವರುತ್ತಾನೆ, ಊರುಗೋಲು ಎತ್ತಿ ಒಗೆಯುತ್ತಾನೆ, ಮತ್ತೆ ಶುರು ಮಾಡುತ್ತಾನೆ. ಅವನು ಏನು ಹೇಳಲಿದ್ದಾನೆ ಎಂದು ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ. ಅದು ಅವನ ಮಾತು.

ಪದಕ ನನಗೆ ಬೇಡ. ಹಣ ತಿಂಗಳು ಮುಗಿಯುವ ಮೊದಲು ಆ ಕೋಣೆಗೆ ಸೇರಬೇಕು. ಅದಕ್ಕಾಗಿ ಗುರುವಾರ ನಿಮ್ಮಿಂದ ಒಂದೇ ಒಂದು ಕೆಲಸ ಆಗಬೇಕಿದೆ. ನಾನು ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿ ನಿಂತಿರುತ್ತೇನೆ, ಅದು ನನಗೆ ಎಷ್ಟು ಕಷ್ಟ ಎಂದು ಈ ಪತ್ರ ಓದಿದವರಿಗೆ ತಿಳಿದಿರಬೇಕು. ನೀವು ಗಡಿಯಾರ ನೋಡಬೇಡಿ. ಪೆನ್ನಿನ ಮುಚ್ಚಳ ಹಾಕಬೇಡಿ. ಗೊತ್ತಾಯಿತು ಎಂದು ತಲೆಯಾಡಿಸಲೂ ಬೇಡಿ. ನನ್ನ ಅಣ್ಣ ಮಾತು ಶುರು ಮಾಡುತ್ತಾನೆ. ಅವನೇ ಮುಗಿಸುತ್ತಾನೆ. ಅಲ್ಲಿಯವರೆಗೆ ಕುಳಿತಿರಿ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಆ ರಸ್ತೆಯಲ್ಲಿ ಇನ್ನೂ ಓಡುತ್ತಲೇ ಇರುವ,
ಕತ್ತರಿ ಹಿಡಿದು ಬದುಕುವ ಒಬ್ಬ ತಂಗಿ