ಗುಡಿಸಿದ ಬಯಲು

ಫೆಬ್ರವರಿ 3, ಬೆಳಗ್ಗೆ
ಕುಂಟು ಕುರಿಯ ಗೊರಸಿಗೆ ಔಷಧಿ ಹಚ್ಚಿದ್ದಾಯಿತು. ಒದೆಯೂ ತಿಂದದ್ದಾಯಿತು.

ನಾಳೆ ಸರ್ವೆಯವರು ಬರುತ್ತಾರೆ. ಸೋಲಾರ್ ಕಂಪನಿಗೆ ಈ ಬಯಲು ಬೇಕಂತೆ. ಯಾರಾದರೂ ಬಳಸುತ್ತಿದ್ದರೆ ಬಿಟ್ಟುಬಿಡುತ್ತಾರಂತೆ. ನೋಡಲಿ. ಮಾವನ ಅಪ್ಪನ ಕಾಲದಿಂದ ವರ್ಷಕ್ಕೆ ನಾಲ್ಕು ತಿಂಗಳು ನಮ್ಮ ಮಂದೆ ತಂಗುವುದು ಇಲ್ಲೇ, ಕುರಿ ಈಯುವುದು ಇಲ್ಲೇ.

ಹೋದ ವರ್ಷ ಲಸಿಕೆ ಹಾಕಲು ಬಂದ ಡಾಕ್ಟರ್ ಮೂಗಿನಿಂದ ಕರ್ಚೀಫ್ ತೆಗೆದಿರಲಿಲ್ಲ. ಆ ಉರಿ ಇನ್ನೂ ಆರಿಲ್ಲ. ಈ ಸಲ ಒಬ್ಬನೂ ಮೂಗು ಮುರಿಯಕೂಡದು.

ಸಂಜೆ
ಅತ್ತೆ ಮಂದೆ ಹೊಡೆದುಕೊಂಡು ಗುಡ್ಡಕ್ಕೆ ಹೋದರು, ಎರಡು ದಿನಕ್ಕೆ. ಬಯಲು ಬಿಟ್ಟು ಹೊರಡುವಾಗ ಮಾಡುತ್ತೇವಲ್ಲ, ಹಾಗೆಯೇ ಎಲ್ಲ ಮಾಡಿದೆ — ಮುಳ್ಳುಬೇಲಿ ಕಿತ್ತೆ, ಒಲೆಗುಂಡಿ ಮುಚ್ಚಿದೆ, ಹಿಕ್ಕೆ ಗುಡಿಸಿ ಚೀಲಕ್ಕೆ ತುಂಬಿದೆ, ಗುಡಾರ ರಸ್ತೆಯಾಚೆ ಹಾಕಿಸಿದೆ. ಸೊಂಟ ಬಿದ್ದುಹೋಗಿದೆ.

ಮೈದುನ ಚೀಲ ಹೊತ್ತು ಹೊತ್ತು ಗೊಣಗಿದ.
"ಅತ್ತಿಗೆ, ಅವರೇನು ಹೆಣ್ಣು ನೋಡೋಕೆ ಬರ್ತಿದಾರಾ?"
"ಬಾಯಿ ಮುಚ್ಕೊಂಡು ಎತ್ತು" ಅಂದೆ.

ಫೆಬ್ರವರಿ 4
ಬಂದರು. ಮೂರು ಕಾಲಿನ ಮೆಷಿನ್ ಇಟ್ಟು ಅಳೆದರು. ಹತ್ತಾರು ಫೋಟೋ. "ಎಷ್ಟು ಕ್ಲೀನಾಗಿದೆ!" ಅಂದ ಸರ್ವೆಯವ. ಹಿಗ್ಗಿ ಹೋದೆ. ಟೀ ಕೊಟ್ಟೆ, ಎರಡು ಸಲ. ಅವರು ಹೋದ ಮೇಲೆ, ಅತ್ತೆ ಬರುವ ಮೊದಲೇ ಗುಡಾರ, ಬೇಲಿ ಮತ್ತೆ ಇದ್ದಲ್ಲೇ ಹಾಕಿದೆವು.

ಮಾರ್ಚ್ 28
ಬಯಲು ಕಂಪನಿಗೆ ಕೊಡುತ್ತಾರಂತೆ. ಕೇಳಲು ಹೋಗಿ ತಾಲೂಕು ಆಫೀಸಿನಲ್ಲಿ ಬೆಳಗ್ಗಿನಿಂದ ಬೆಂಚಿನ ಮೇಲೆ. ಮೂರಕ್ಕೆ ಕರೆದರು. ಅತ್ತೆಗೆ ಕಾಲುನೋವು, ಹೊರಗೇ ಇದ್ದರು. ಒಳ್ಳೆಯದೇ ಆಯಿತು.

ಸಾಹೇಬ ಫೋಟೋ ತಿರುಗಿಸಿದ.
"ಕುರಿ ಮೇಯ್ಸೋ ಜಾಗ ಅಂತೀರಿ. ಒಂದು ಹಿಕ್ಕೆ ಇಲ್ಲವಲ್ಲಮ್ಮ?"
"ನಾನೇ ಗುಡಿಸಿದೆ ಸಾರ್."
"ಬಯಲು ಯಾರಾದ್ರೂ ಗುಡಿಸ್ತಾರಾ?"

ಪಕ್ಕದ ಟೇಬಲ್ಲಿನವರೆಲ್ಲ ನಕ್ಕರು. ನಗುವ ಬಾಯಿಗಳಿಗೆ ಆ ಚೀಲದಲ್ಲಿದ್ದದ್ದನ್ನೇ ತುರುಕಬೇಕಿತ್ತು.

ಕೊನೆಯ ಹಾಳೆ ತೋರಿಸಿದ. 'ಖಾಲಿ ಜಾಗ.' ಕೆಳಗೆ ನನ್ನ ಸಹಿ. ಟೀ ಲೋಟ ವಾಪಸ್ ಕೊಡುವಾಗ ಆ ಸರ್ವೆಯವ ಹಾಕಿಸಿಕೊಂಡಿದ್ದ, 'ನಾವು ಬಂದು ಹೋಗಿದ್ದಕ್ಕೆ' ಅಂತ. ಮನೆಯಲ್ಲಿ ಓದು ಬಲ್ಲವಳು ನಾನೊಬ್ಬಳೇ. ಓದದೆ ಹಾಕಿದೆ.

ಹೊರಗೆ ಅತ್ತೆ, "ಏನಂದ್ರೇ?"
"ನೋಡ್ತಾರಂತೆ" ಅಂದೆ.

ಏಪ್ರಿಲ್ 9
ಬಯಲಿನ ಸುತ್ತ ತಂತಿಬೇಲಿ ಎಳೆಯುತ್ತಿದ್ದಾರೆ. ಕಂಬ ನೆಡುವವರಲ್ಲಿ ಮೈದುನನೂ ಇದ್ದಾನೆ! ರೇಗಾಡಿದೆ.
"ಒಳಗೊಬ್ಬ ಇದ್ರೆ ನೀರಿನ ಹೊಂಡದ ಹತ್ರ ಕುರಿ ನುಗ್ಗೋಕೆ ಒಂದು ಗಂಡಿಯಾದ್ರೂ ಬಿಡಿಸಬಹುದು, ಅತ್ತಿಗೆ."


ಏಪ್ರಿಲ್ 10
ಗಂಡಿ ಬಿಡಿಸಲು ಅವನಿಂದಾಗಲಿಲ್ಲ, ಪೂರ್ತಿ ಮುಚ್ಚಿದರು. ಕುರಿಗಳು ತಂತಿಗೆ ಮೂತಿ ಒತ್ತಿ ನಿಂತಿವೆ. ಗಬ್ಬದ ಕುರಿ ಹನ್ನೊಂದಿವೆ. ರಸ್ತೆ ಬದಿಯಲ್ಲಿ ಈಯಬೇಕು, ಲಾರಿಗಳ ನಡುವೆ.

ಅತ್ತೆ ಮೈದುನನ ಹಾಸಿಗೆ ಎತ್ತಿ ಹೊರಗೆಸೆದರು. "ಬಯಲು ಅವರಿಗೆ ನೀನೇ ತೋರಿಸಿಕೊಟ್ಟಿದ್ದು! ನಿನ್ನಣ್ಣ ಬದುಕಿದ್ದಿದ್ರೆ ನಿನ್ನ ಕಾಲು ಮುರೀತಿದ್ದ!"

ಅವನು ನನ್ನ ಮುಖ ನೋಡಿದ. ನಾನು ಗುಡಿಸಿದ್ದು ಅವನಿಗೆ ಗೊತ್ತು. ಹಾಸಿಗೆ ಸುತ್ತಿಕೊಂಡು ಹೋದ. ನಾನು ಪಾತ್ರೆ ತಿಕ್ಕುತ್ತಿದ್ದೆ. ತಿಕ್ಕುತ್ತಲೇ ಇದ್ದೆ. ಥೂ, ನನ್ನ ಜನ್ಮಕ್ಕೆ.

ಏಪ್ರಿಲ್ 17
ರಸ್ತೆಯಲ್ಲಿ ಎರಡು ಮರಿ ಸತ್ತವು. ಅತ್ತೆ ಮೈದುನನಿಗೆ ಶಾಪ ಹಾಕುತ್ತಲೇ ಹೂತರು. ಗುಂಡಿ ತೋಡಿದ್ದು ನಾನು. ಆ ಸಾಹೇಬ, ಆ ಸರ್ವೆಯವ, ಆ ಕಂಪನಿ — ಎಲ್ಲರೂ ಹಾಳಾಗಿ ಹೋಗಲಿ. ನಾನೂ.

ಏಪ್ರಿಲ್ 21, ಮಧ್ಯಾಹ್ನ
ಅತ್ತೆ ಒಬ್ಬರೇ ಆಫೀಸಿಗೆ ಹೋಗಿ ಜಗಳವಾಡಿ ಆ ಹಾಳೆಯ ನಕಲು ತಂದಿದ್ದಾರೆ. ಬರುವಾಗ ಮೈದುನನ ಕಾಲರ್ ಹಿಡಿದು ಎಳೆದುಕೊಂಡೂ ಬಂದಿದ್ದಾರೆ. ಗುಡಾರದ ಬಾಯಲ್ಲಿ ನಿಂತಿದ್ದಾನೆ, ತಲೆ ತಗ್ಗಿಸಿ.

"ಬಯಲು ಖಾಲಿ ಅಂತ ಯಾರು ಹೇಳಿದ್ದು ಅನ್ನೋದು ಇದರಲ್ಲಿ ಬರ್ದಿದ್ಯಂತೆ. ಓದೇ. ಜೋರಾಗಿ ಓದು, ಇವನೂ ಕೇಳಲಿ."

ಮೊದಲು ಪುಸ್ತಕಕ್ಕೆ ಇಳಿಸಿಕೊಳ್ಳುತ್ತೇನೆ ಅಂದೆ. ಆಮೇಲೆ ಬೇಕಾಗುತ್ತದೆ ಅಂದೆ. ಎದುರೇ ಕೂತಿದ್ದಾರೆ. ಪೆನ್ನು ನಿಂತರೆ "ಮುಗೀತಾ?" ಅನ್ನುತ್ತಾರೆ.

"ಬಿಡವ್ವಾ, ನಾನೇ ಹೇಳಿದ್ದು ಅಂತಿಟ್ಕೋ" ಅಂದ ಅವನು, ಈಗ ತಾನೇ.

ಇಳಿಸುತ್ತಿದ್ದೇನೆ. ಖಾಲಿ ಜಾಗ. ಜಾನುವಾರು ಬಳಕೆಯ ಗುರುತು ಕಂಡುಬಂದಿಲ್ಲ. ಸ್ಥಳದಲ್ಲಿ ಹಾಜರಿದ್ದು ಇದನ್ನು ಒಪ್ಪಿ ಸಹಿ ಮಾಡಿದವರು —